ಎಡಕ್ಕಿದ್ದದ್ದೇ ಮೊದಲಲ್ಲ

ಈ ವಾರ ಧುಪದಾಳದ ನಮ್ಮ ಮನೆಗೆ ಬಂದ ಅಳಿಯ, ಚಿತ್ರ ಬಿಡಿಸಿ ಪ್ರೋಗ್ರಾಂ ಬರೆಯುವ ಲ್ಯಾಬ್‌ವ್ಯೂ ಭಾಷೆಯ ಕ್ಲಾಡ್ (CLAD) ಪರೀಕ್ಷೆಗೆಂದು ಹಳೆಯ ಪ್ರಶ್ನೆಗಳನ್ನು ಉರು ಹೊಡೆಯುತ್ತಿದ್ದ. 40 ಪ್ರಶ್ನೆ, ಒಂದು ತಾಸು, ಪಾಸಾಗಲು ಶೇ. 70. ತಂತಿಗಳಿಂದ ಜೋಡಿಸಿದ ಡಬ್ಬಿಗಳ ಚಿತ್ರದಲ್ಲಿ ಎಡಕ್ಕಿದ್ದ ಡಬ್ಬಿಯೇ ಮೊದಲು ಓಡುತ್ತದೆ ಎಂದು ಗುರುತು ಹಾಕಿ, “ಮಾಮಾ, ಇದು ಹೆಂಗ ತಪ್ಪಾತು?” ಎಂದ. ಅವನನ್ನು ನಮ್ಮೂರಿನ 1897ರ ಒಡ್ಡಿನ ಮೇಲೆ ಕರೆದೊಯ್ದು ಕಾಲುವೆ ತೋರಿಸಿದೆ: “ಒಡ್ಡಿಗೆ ಹತ್ತಿರದ ಹೊಲ ಅಂತ ಬಿತ್ತಿಗಿ ಮೊದಲ ಆಗತೈತೇನು? ನೀರು, ಬೀಜ, ಕೂರಿಗಿ ಮೂರೂ ಕೂಡಬೇಕಪಾ.” 1986ರಲ್ಲಿ ಬಂದ ಈ ಚಿತ್ರಭಾಷೆಯ ಗುಟ್ಟೂ ಅಷ್ಟೇ. ಬೇಕಾದ ದತ್ತಾಂಶವೆಲ್ಲ ತಂತಿಯಲ್ಲಿ ಬಂದು ಸೇರುವ ತನಕ ಯಾವ ಡಬ್ಬಿಯೂ ಕೆಲಸಕ್ಕೆ ಇಳಿಯದು. ಕೆಲಸ ಮುಗಿಯದೆ ಮುಂದಕ್ಕೆ ಏನನ್ನೂ ಬಿಡದು. ನಡುವೆ ತಂತಿಯ ನಂಟೇ ಇಲ್ಲದ ಎರಡು ಡಬ್ಬಿಗಳಲ್ಲಿ ಯಾವುದು ಮೊದಲೆಂದು ಚಿತ್ರ ಹೇಳುವುದೇ ಇಲ್ಲ. ಉರು ಹೊಡೆದವನು ಚಿತ್ರ ತುಸು ಬದಲಾದರೂ ಮುಗ್ಗರಿಸುತ್ತಾನೆ; ತಂತಿಯ ಮೇಲೆ ಬೆರಳಾಡಿಸಿ ನೋಡಿದವನು ದಾಟುತ್ತಾನೆ. ಪರೀಕ್ಷೆಗೆ ಕೂರುವ ಹುಡುಗರೇ, ಉತ್ತರಗಳ ಪಟ್ಟಿ ಮಡಚಿಡಿ. ಪ್ರತಿ ಚಿತ್ರದ ಮುಂದೆಯೂ ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಕೇಳಿಕೊಳ್ಳಿ.