ಹೊಳೆಯ ಮಾತು ಅಂಕಿಯಲ್ಲಿ

ಮಕ್ಕಳೇ, ಈ ವಾರದ ಪಾಠವನ್ನು ನಿಮ್ಮ ಮುತ್ಯಾನನ್ನೋ ಆಯಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇದರಲ್ಲಿ ಅರ್ಧ ಅವರಿಗೆ ಆಗಲೇ ಗೊತ್ತಿದೆ. ಹೆಸರು ಮಾತ್ರ ಹೊಸದು: ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಹೆಸರು ಕೇಳಿ ಹೆದರಬೇಡಿ. ನಾನು ಇದನ್ನು ಹೇಳಿಕೊಡಲು ಕಂಪ್ಯೂಟರ್ ತೆರೆಯುವುದಿಲ್ಲ, ಭೀಮಾ ಹೊಳೆಯ ದಂಡೆಗೆ ಕರೆದುಕೊಂಡು ಹೋಗುತ್ತೇನೆ.

ಆಳಂದ ತಾಲ್ಲೂಕಿನ ಕೋರಳ್ಳಿ ಬಳಿ ಅಮರ್ಜಾ ಹೊಳೆಗೆ ಅಣೆಕಟ್ಟು ಇದೆ. ಅದೇ ಅಮರ್ಜಾ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಹರಿದು ಕಟ್ಟಿಸಂಗಾವಿ ಸೇತುವೆಯ ಕೆಳಗೆ ಜೇವರ್ಗಿ ತಾಲ್ಲೂಕಿನ ಅಂಚು ಮುಟ್ಟುತ್ತದೆ. ಮಳೆಗಾಲದಲ್ಲಿ ದಂಡೆಯ ಊರುಗಳಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: “ನೀರು ಎಲ್ಲಿತನ ಬಂದಾವ?” ಯಾರೋ ಹೋಗಿ ನೋಡಿ ಬಂದು, ಇಂಥ ಮೆಟ್ಟಿಲ ತನಕ ಅನ್ನುತ್ತಾರೆ. ಒಂದು ತಾಸು ಬಿಟ್ಟು ಮತ್ತೆ ಯಾರನ್ನೋ ಕಳಿಸುತ್ತಾರೆ.

ಇಡೀ ಶಾಸ್ತ್ರದ ಬೀಜ ಇಷ್ಟರಲ್ಲೇ ಇದೆ. ಹೊತ್ತು ಸರಿದಂತೆ ಏರಿಳಿಯುತ್ತ ನಮಗೆ ಸುದ್ದಿ ಕೊಡುವ ಯಾವುದನ್ನಾದರೂ ಸಿಗ್ನಲ್ ಎನ್ನಬಹುದು. ಹೊಳೆಯ ಮಟ್ಟ ಒಂದು ಸಿಗ್ನಲ್. ನಿಮ್ಮ ದನಿ, ಎದೆಯ ಬಡಿತ, ಬಿಸಿಲಿನ ಕಾವು ಕೂಡ ಸಿಗ್ನಲ್‌ಗಳೇ. ಇವು ನಡುವೆ ಕಡಿಯದೆ ಹರಿಯುತ್ತವೆ. ಯಂತ್ರಕ್ಕೆ ಮಾತ್ರ ಬಿಡಿ ಬಿಡಿ ಅಂಕಿಗಳು ಬೇಕು. ಹರಿಯುವುದನ್ನು ಅಂಕಿ ಮಾಡಿ, ಆ ಅಂಕಿಗಳಿಂದ ನಿಜವಾದ ಸುದ್ದಿ ಹೆಕ್ಕುವುದೇ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಅದರಲ್ಲಿ ಮೂರು ಕೆಲಸ: ಇಣುಕುವುದು, ಅಳೆಯುವುದು, ಸೋಸುವುದು.

ಮೊದಲು ಇಣುಕುವುದು. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಊರ ಹಳ್ಳವನ್ನು ದಿನಕ್ಕೊಮ್ಮೆ ಬೆಳಿಗ್ಗೆ ಎಂಟಕ್ಕೆ ಮಾತ್ರ ನೋಡುತ್ತೇವೆ ಅನ್ನಿ. ರಾತ್ರಿ ಎರಡಕ್ಕೆ ನೀರು ಉಕ್ಕಿ ಬಂದು ಬೆಳಗಾಗುವುದರೊಳಗೆ ಇಳಿದಿದ್ದರೆ ನಮ್ಮ ಪುಸ್ತಕದಲ್ಲಿ ಪ್ರವಾಹವೇ ಬಂದಿರುವುದಿಲ್ಲ! ಹಾಗಾದರೆ ಎಷ್ಟು ಸಲ ಇಣುಕಬೇಕು? ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ದಾರಿ ತೋರಿಸಿದರು, ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಟ್ಟಿಯಾದ ಗಣಿತವಾಗಿ ಬರೆದರು. ಸಿಗ್ನಲ್‌ನಲ್ಲಿರುವ ಅತಿ ವೇಗದ ಏರಿಳಿತ ಒಂದು ಸುತ್ತು ಮುಗಿಸುವುದರೊಳಗೆ ಎರಡಕ್ಕಿಂತ ಹೆಚ್ಚು ಸಲ ಇಣುಕಬೇಕು ಎಂಬುದು ಆ ನಿಯಮ. ಹಳೆಯ ಟೆಲಿಫೋನ್ ಸೆಕೆಂಡಿಗೆ ಸುಮಾರು 3,400 ಕಂಪನಗಳವರೆಗಿನ ದನಿಯನ್ನು ಸಾಗಿಸುತ್ತಿತ್ತು. ಅದಕ್ಕೇ ಡಿಜಿಟಲ್ ಟೆಲಿಫೋನಿನಲ್ಲಿ ದನಿಯನ್ನು ಸೆಕೆಂಡಿಗೆ 8,000 ಸಲ ಇಣುಕಿ ನೋಡಿದರು. ಹಾಡಿನ ಸಿಡಿಗೆ ಅದು 44,100 ಸಲ. ಮಳೆಗೆ ಅಷ್ಟು ಅವಸರ ಬೇಡ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ಎರಡನೆಯದು ಅಳೆಯುವುದು. ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಬರೆದ ಗೆರೆಗಳನ್ನು ನೋಡಿದ್ದೀರಲ್ಲ? ನೀರು ಎರಡು ಗೆರೆಗಳ ನಡುವೆ ನಿಂತರೆ ಹತ್ತಿರದ ಗೆರೆಯನ್ನೇ ಬರೆದುಕೊಳ್ಳುತ್ತೇವೆ. ಯಂತ್ರವೂ ಹೀಗೇ ಮಾಡುತ್ತದೆ. ಗೆರೆಗಳು ಹತ್ತಿರವಾದಷ್ಟೂ ಅಳತೆ ನಿಖರ. ಸಿಡಿಯಲ್ಲಿ ದನಿಯನ್ನು ಅಳೆಯಲು ಇಂಥ 65,536 ಮೆಟ್ಟಿಲುಗಳಿವೆ.

ಮೂರನೆಯದು ಸೋಸುವುದು, ಅಂದರೆ ಫಿಲ್ಟರ್. ತೊಗರಿಬೇಳೆಯನ್ನು ಜರಡಿ ಹಿಡಿದು ನುಚ್ಚು ತೆಗೆಯುವ ಆಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯಲ್ಲಿ ಅಲೆ ಏಳುತ್ತದೆ, ತೇಲಿ ಬಂದ ಮರದ ಬೊಡ್ಡೆ ಮಾಪಕಕ್ಕೆ ತಾಗುತ್ತದೆ. ಆಗ ಸುಳ್ಳು ಅಂಕಿ ಬರುತ್ತದೆ. ತಾಸಿಗೊಮ್ಮೆ ಅಳೆದ ಮಟ್ಟ ಸೆಂಟಿಮೀಟರಿನಲ್ಲಿ ಹೀಗಿದೆ ಅಂದುಕೊಳ್ಳಿ: 420, 421, 480, 423, 424. ನಡುವಿನ 480 ಸುಳ್ಳು ಎಂದು ನಿಮಗೆ ಕಾಣುತ್ತದೆ. ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಒಂದು ಜರಡಿ ಸರಾಸರಿ. 421, 480, 423 ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 441. ಸುಳ್ಳು ಕುಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಇನ್ನೊಂದು ಜರಡಿಯಲ್ಲಿ ಆ ಮೂರನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಆರಿಸುತ್ತೇವೆ: 421, 423, 480. ಉತ್ತರ 423. ಸುಳ್ಳು ಮಾಯ!

ಈಗ ಗಮನವಿಟ್ಟು ಕೇಳಿ. ಅಂಕಿಗಳು 420, 421, 480, 495, 510 ಎಂದು ಬಂದರೆ? ಈ ಸಲ 480 ಸುಳ್ಳಲ್ಲ, ಹೊಳೆ ನಿಜವಾಗಿಯೂ ಏರುತ್ತಿದೆ. 421, 480, 495ರ ನಡುವಿನದು 480, ಜರಡಿ ಅದನ್ನು ಉಳಿಸಿಕೊಂಡಿತು. ಆದರೆ ಅದು ನಿಜವೆಂದು ತಿಳಿಯಲು 495 ಬರುವವರೆಗೆ ಒಂದು ತಾಸು ಕಾಯಬೇಕಾಯಿತು. ಸೋಸಿದ ಸುದ್ದಿ ಶುದ್ಧ, ಆದರೆ ತಡ. ಐದು ಅಂಕಿಗಳ ಜರಡಿ ಹಾಕಿದರೆ ಇನ್ನೂ ತಡ.

ಆ ತಡಕ್ಕೆ ಎಷ್ಟು ಬೆಲೆ ಎಂದು ಭೀಮಾ ದಂಡೆಯವರನ್ನು ಕೇಳಿ. 2020ರ ಅಕ್ಟೋಬರಿನಲ್ಲಿ ಇಲ್ಲಿ ಭಾರಿ ಮಳೆ ಸುರಿಯಿತು, ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ನೀರು ಬಿಟ್ಟರು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿತು. ಜನ ಮಕ್ಕಳನ್ನೂ ದನಗಳನ್ನೂ ಕರೆದುಕೊಂಡು ಮನೆ ಬಿಟ್ಟು, ಕಾಳಜಿ ಕೇಂದ್ರಗಳಲ್ಲಿ ಇರಬೇಕಾಯಿತು. ಅಂಥ ರಾತ್ರಿ ಒಂದು ತಾಸು ಮೊದಲೇ ಸುದ್ದಿ ತಿಳಿದರೆ ಎತ್ತುಗಳ ಹಗ್ಗ ಬಿಚ್ಚಬಹುದು, ಜೋಳದ ಚೀಲ ಅಟ್ಟಕ್ಕೆ ಏರಿಸಬಹುದು, ನಡೆಯಲಾಗದ ಮುತ್ಯಾನನ್ನು ಹೊತ್ತುಕೊಂಡು ಹೋಗಬಹುದು. ಹಾಗೆಂದು ಸೋಸದೆ ಪ್ರತಿ ಬೊಡ್ಡೆಗೂ ಗಂಟೆ ಬಾರಿಸಿದರೆ ನಾಲ್ಕನೆಯ ಸಲ ಯಾರೂ ಏಳುವುದಿಲ್ಲ. ಇದಕ್ಕೆ ಉಪಾಯ ಹೆಚ್ಚು ಸಲ ಇಣುಕುವುದು. 15 ನಿಮಿಷಕ್ಕೊಮ್ಮೆ ಅಳೆದರೆ ಅದೇ ಮೂರು ಅಂಕಿಗಳ ಜರಡಿಗೆ ಒಂದು ತಾಸಿನ ಬದಲು 15 ನಿಮಿಷ ಕಾದರೆ ಸಾಕು.

ಈಗ ನಿಮಗೊಂದು ಕೆಲಸ. ಮೇಲಿನಿಂದ ತಳದವರೆಗೆ ಒಂದೇ ಅಗಲವಿರುವ ಎರಡು ಡಬ್ಬಿಗಳನ್ನು ಮುಂದಿನ ಮಳೆಗೆ ಅಂಗಳದಲ್ಲಿ ಇಡಿ. ಗುಡುಗು ಮಿಂಚು ಇದ್ದರೆ ಮಾತ್ರ ಹೊರಗೆ ಹೋಗಬೇಡಿ. ಒಂದನ್ನು 15 ನಿಮಿಷಕ್ಕೊಮ್ಮೆ ಅಳತೆಪಟ್ಟಿಯಿಂದ ಅಳೆದು ಬರೆಯಿರಿ. ಇನ್ನೊಂದನ್ನು ಮಳೆ ನಿಂತ ಮೇಲೆ ಒಂದೇ ಸಲ ಅಳೆಯಿರಿ. ಕೊನೆಯ ಲೆಕ್ಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಆದರೆ ಮಳೆ ಯಾವಾಗ ಜೋರಾಯಿತು, ಹಳ್ಳ ಯಾವ ಹೊತ್ತಿಗೆ ತುಂಬಿರಬಹುದು ಎಂದು ಮೊದಲನೆಯ ಡಬ್ಬಿ ಮಾತ್ರ ಹೇಳುತ್ತದೆ. ಆ ಕಾಗದವನ್ನು ಮುತ್ಯಾನಿಗೆ ತೋರಿಸಿ, ಅವರು ಕಂಡ ಅತಿ ದೊಡ್ಡ ನೀರು ಊರಲ್ಲಿ ಎಲ್ಲಿತನ ಬಂದಿತ್ತು ಎಂದು ಕೇಳಿ. ಅವರು ತೋರಿಸಿದ ಗೋಡೆಯ ಮೇಲೆ ಒಂದು ಗೆರೆ ಎಳೆದು ವರ್ಷ ಬರೆದಿಡಿ. ನಿಮ್ಮ ಮಕ್ಕಳಿಗೂ ಅದು ಬೇಕಾಗುತ್ತದೆ.