ಮೊದಲು ಕೇಳ್ರಿ, ಆಮ್ಯಾಲ ಎತ್ತಿಸ್ರಿ

1/7
ಗೆಳೆಯರೇ, ಈ ಸಲ ಬೈಸೆಪ್ಸ್ ಫೋಟೊ ಇಲ್ಲ. ಫೋಟೊದಾಗ ಇರೋದು ಒಂದು ನೋಟ್‌ಬುಕ್ಕಿನ ಹಾಳಿ, ಅದರ ಮ್ಯಾಲ ಏಳು ಪ್ರಶ್ನೆ. ಆ ಹಾಳಿ ಹೆಂಗ ಹುಟ್ಟಿತು ಅಂತ ಹೇಳ್ತೀನಿ, ಪೂರ್ತಿ ಓದ್ರಿ.

ನಾ ಟ್ರೇನರ್ ಆಗಿ ಸೇರಿ ಎರಡನೇ ತಿಂಗಳು. 52 ವರ್ಷದ ಒಬ್ಬ ಕಾಕಾ ಬಂದ್ರು. "ಹೊಟ್ಟಿ ಕರಗಿಸಬೇಕು ತಮ್ಮಾ" ಅಂದ್ರು. ನಾನು ಎಲ್ಲರಿಗೂ ಕೊಡೋ ಚಾರ್ಟನ್ನೇ ಅವರಿಗೂ ಕೊಟ್ಟೆ: ಬೆಳಿಗ್ಗೆ ಖಾಲಿ ಹೊಟ್ಟಿಲೆ 40 ನಿಮಿಷ ಟ್ರೆಡ್‌ಮಿಲ್. ಮೂರನೇ ದಿನ ಅರ್ಧ ತಾಸು ಆಗೋದ್ರಾಗ ಕಾಕಾನ ಕೈ ನಡುಗಾಕ ಹತ್ತಿದ್ವು. ಮೈಯೆಲ್ಲ ತಣ್ಣನ ಬೆವರು, ಮಾತು ತೊದಲು. ನನಗ ಕೈಕಾಲು ಆಡಲಿಲ್ಲ. ಪಕ್ಕದಾಗ ವ್ಯಾಯಾಮ ಮಾಡ್ತಿದ್ದ ಒಬ್ಬ ನರ್ಸ್ ಅಕ್ಕ ಓಡಿ ಬಂದು, ನೀರಿಗೆ ಸಕ್ಕರಿ ಕಲಸಿ ಕುಡಿಸಿದ್ರು. ಹತ್ತು-ಹದಿನೈದು ನಿಮಿಷದಾಗ ಕಾಕಾ ಸುಧಾರಿಸಿದ್ರು. ಅವರು ಶುಗರ್ ಗುಳಿಗಿ ನುಂಗಿ, ಏನೂ ತಿನ್ನದೆ ಬಂದಿದ್ರು.

"ಮೊದ್ಲೇ ಯಾಕ ಹೇಳ್ಲಿಲ್ರಿ ಕಾಕಾ?" ಅಂದೆ.
"ನೀ ಎಲ್ಲಿ ಕೇಳಿದಿ ತಮ್ಮಾ?" ಅಂದ್ರು.

2/7
ಆ ಒಂದು ಮಾತು ಇನ್ನೂ ನನ್ನ ಕಿವಿಯಾಗ ಅದ. ತಪ್ಪು ಕಾಕಾಂದಲ್ಲ, ನಂದು.

ಅದಕ್ಕ ಇವತ್ತು ನೇರ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಕಡೆ ಟ್ರೇನರ್ ಆಗೋದು ಬಹಳ ಸಸ್ತಾ ಆಗ್ಯಾದ. ಎರಡು ವರ್ಷ ಜಿಮ್ ಮಾಡಿ ಮೈ ಬಂದ್ರ ಸಾಕು, ಟೀ ಶರ್ಟಿನ ಮ್ಯಾಲ "ಕೋಚ್" ಅಂತ ಬರೀತೀವಿ. ನಮ್ಮ ಮೈಗೆ ಒಗ್ಗಿದ್ದನ್ನ ಊರಿಗೆಲ್ಲ ಹಚ್ಚತೀವಿ. ಆದ್ರ ನಮ್ಮ ಮೈ ನಮ್ಮ ಒಬ್ಬರ ಉದಾಹರಣೆ ಅಷ್ಟೇ. ಮುಂದ ನಿಂತ ಮನುಷ್ಯಾನ್ನ ತಿಳ್ಕೊಳ್ಳೋದೇ ಟ್ರೇನರ್‌ನ ಅಸಲಿ ವಿದ್ಯೆ.

3/7
ನಮ್ಮ ಐದು ಊರಾಗ ಜಿಮ್ ಬಾಗಿಲಿಗೆ ಯಾರ‍್ಯಾರು ಬರ್ತಾರ, ಒಮ್ಮೆ ನೋಡ್ರಿ.

ವಾಡಿ, ಸೇಡಂದಾಗ ಸಿಮೆಂಟ್ ಫ್ಯಾಕ್ಟರಿ ಶಿಫ್ಟಿನವರು. ವಾಡಿ ಜಂಕ್ಷನ್ ಇರೋದ್ರಿಂದ ರೈಲ್ವೆಯವರೂ ಬರ್ತಾರ. ರಾತ್ರಿಪಾಳಿ ಮುಗಿಸಿ, ಕಣ್ಣು ಕೆಂಪು ಮಾಡ್ಕೊಂಡು ಬಂದವನಿಗೆ "ಇವತ್ತು ಡೆಡ್‌ಲಿಫ್ಟ್ ಹೊಸ ರೆಕಾರ್ಡ್" ಅಂದ್ರ ಹೆಂಗ? ಅವನಿಗೆ ಆ ದಿನ ಹಗುರ ವ್ಯಾಯಾಮ, ಇಲ್ಲಾಂದ್ರ ನಿದ್ದಿನೇ ಔಷಧ.

ಶಹಾಬಾದಿನಾಗ ಪರಸಿ ಕಲ್ಲಿನ ಕೆಲಸದ ಹುಡುಗರು. ಊರೂರಿನ ಮನಿ ನೆಲಕ್ಕ ಹೋಗೋ ಕಲ್ಲನ್ನ ದಿನವಿಡೀ ಬಗ್ಗಿ ಎತ್ತಿದವರು ಅವರು. ನಡ ಮೊದಲೇ ಸೋತಿರ್ತದ. ಕಲ್ಲಿನ ಧೂಳು ಕುಡಿದು ಬಹಳ ದಿನದಿಂದ ಕೆಮ್ಮು, ಉಬ್ಬಸ ಇದ್ರ, ಜಿಮ್‌ಗಿಂತ ಮೊದಲು ಡಾಕ್ಟರ್.

ಚಿತ್ತಾಪುರದಾಗ ದಿನಾ ಕುರ್ಚಿ ಮ್ಯಾಲ ಕೂಡೋ ಆಫೀಸಿನವರು, ಹೆರಿಗೆ ಆಗಿ ಆರು ತಿಂಗಳಾದ ಅಕ್ಕಂದಿರು, ಮೊಣಕಾಲು ಹಿಡ್ಕೊಂಡು ಮೆಟ್ಟಿಲು ಇಳಿಯೋ ಅವ್ವಂದಿರು.

ಚಿಂಚೋಳಿಯಾಗ ತಾಂಡಾದ, ಹಳ್ಳಿಯ ಹುಡುಗರು ಪೊಲೀಸ್ ಭರ್ತಿಗೆ ಓಡ್ತಾರ. 1600 ಮೀಟರ್, ಆರೂವರೆ ನಿಮಿಷ. ನೋಟಿಫಿಕೇಶನ್ ಬಂದ ಮ್ಯಾಲ ಒಮ್ಮೆಲೇ ದಿನಾ ಹತ್ತು ಕಿಲೋಮೀಟರ್ ಓಡಿ, ಮುಂಗಾಲಿನ ಎಲುಬು ನೋವು ಮಾಡ್ಕೊಂಡು ಮನ್ಯಾಗ ಕೂಡ್ತಾರ. ಓಟ ನಿಧಾನಕ್ಕ, ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚು ಮಾಡಬೇಕು ಅಂತ ಹೇಳೋರು ಒಬ್ಬರು ಇದ್ದಿದ್ರ ಆ ನೌಕರಿ ಕೈ ತಪ್ಪತಿರಲಿಲ್ಲ.

ಇವರೆಲ್ಲರಿಗೂ ಒಂದೇ ಚಾರ್ಟ್?

4/7
ಈಗ ಆ ಹಾಳಿ. ಹೊಸಬರು ಬಂದ ದಿನ ಡಂಬಲ್ ಮುಟ್ಟಿಸೋಕಿಂತ ಮೊದಲು ನಾ ಕೇಳೋದು:

1. ವಯಸ್ಸೆಷ್ಟು, ಕೆಲಸ ಏನು, ಶಿಫ್ಟ್ ಯಾವುದು?
2. ಬಿಪಿ, ಶುಗರ್, ಹಾರ್ಟ್, ಥೈರಾಯ್ಡ್, ಕಿಡ್ನಿ ತೊಂದ್ರಿ ಅದ ಏನು?
3. ದಿನಾ ಯಾವ ಗುಳಿಗಿ, ಯಾವ ಹೊತ್ತಿಗೆ?
4. ನಡೆದಾಗ, ಮೆಟ್ಟಿಲು ಹತ್ತಿದಾಗ ಎದಿ ನೋವು, ದಮ್ಮು ಬರ್ತದೇನು?
5. ತಲಿ ಸುತ್ತಿ ಬಿದ್ದದ್ದು ಅದ ಏನು? ಮನ್ಯಾಗ ಯಾರಿಗರ ಸಣ್ಣ ವಯಸ್ಸಿನಾಗ ಹಾರ್ಟ್ ಅಟ್ಯಾಕ್?
6. ನಡ, ಮೊಣಕಾಲು, ಭುಜದ ನೋವು? ಆಪರೇಷನ್? ಹೆಣ್ಮಕ್ಕಳಾದ್ರ ಗರ್ಭಿಣಿ ಇದ್ದೀರೇನು, ಹೆರಿಗೆ ಯಾವಾಗ ಆಯ್ತು?
7. ಇವತ್ತು ಏನು ಉಂಡೀರಿ, ರಾತ್ರಿ ಎಷ್ಟು ತಾಸು ಮಲಗೀರಿ?

ಇದು ನನ್ನ ಸ್ವಂತ ಬುದ್ಧಿ ಅಲ್ಲ. ಕೆನಡಾದಾಗ ಹುಟ್ಟಿದ ಪಾರ್-ಕ್ಯೂ ಅನ್ನೋ ಪ್ರಶ್ನಾವಳಿ ಅದ, ಅದರಾಗೂ ಏಳು ಪ್ರಶ್ನೆ. ನಮ್ಮ ಊರಿಗೆ ಒಗ್ಗೋ ಹಂಗ ನಾ ಬದಲಿಸಿಕೊಂಡೀನಿ. ಐದು ನಿಮಿಷ ಸಾಕು. ಏಳನೇದು ಮಾತ್ರ ದಿನಾ ಕೇಳಬೇಕು.

5/7
ಉತ್ತರ ಸಿಕ್ಕ ಮ್ಯಾಲ ಏನು ಬದಲಾಗ್ತದ?

ಶುಗರ್: ಇನ್ಸುಲಿನ್ ಅಥವಾ ಕೆಲವು ಶುಗರ್ ಗುಳಿಗಿ ತಗೊಳ್ಳೋರಿಗೆ ವ್ಯಾಯಾಮದಾಗ ಶುಗರ್ ಇಳಿದುಬಿಡ್ತದ. ಖಾಲಿ ಹೊಟ್ಟಿ ಬ್ಯಾಡ. ಬ್ಯಾಗಿನಾಗ ಸಕ್ಕರಿ ಇರಲಿ. ನಡುಕ, ಬೆವರು ಕಂಡ್ರ ನಿಲ್ಲಿಸಿ, ಸುಮಾರು ಮೂರು ಸಣ್ಣ ಚಮಚ ಸಕ್ಕರಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತ ನೋಡ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ.

ಬಿಪಿ: ಉಸಿರು ಬಿಗಿಹಿಡಿದು ಭಾರ ಎತ್ತಿದ್ರ ಬಿಪಿ ಜಿಗೀತದ. ಎತ್ತುವಾಗ ಉಸಿರು ಬಿಡೋದು ಕಲಿಸ್ರಿ. ಬೀಟಾ ಬ್ಲಾಕರ್ ಗುಳಿಗಿ ತಗೊಳ್ಳೋರ ಎದಿಬಡಿತ ಏರೋದೇ ಕಮ್ಮಿ, ಅಲ್ಲಿ "220ರಾಗ ವಯಸ್ಸು ಕಳಿ" ಲೆಕ್ಕ ನಡೆಯಂಗಿಲ್ಲ. ಮಾತಾಡಿಸಿ ನೋಡ್ರಿ: ಮಾತಾಡಲಿಕ್ಕೆ ಬರ್ತದ, ಹಾಡಲಿಕ್ಕೆ ಬರಂಗಿಲ್ಲ ಅಂದ್ರ ಮಧ್ಯಮ ಶ್ರಮ.

ಬಿಸಿಲು: ಏಪ್ರಿಲ್, ಮೇನಾಗ ನಮ್ಮಲ್ಲಿ 40 ಡಿಗ್ರಿ ದಾಟೋದು ಮಾಮೂಲಿ. ಮೈ ಆ ಸೆಕಿಗೆ ಹೊಂದಿಕೊಳ್ಳಲಿಕ್ಕೆ ಒಂದೆರಡು ವಾರ ಬೇಕು. ಹೊಸಬನನ್ನ ತಗಡಿನ ಶೆಡ್ಡಿನಾಗ ಮೊದಲ ದಿನಾನೇ ಸುಸ್ತು ಬೀಳಿಸೋದು ಗಂಡಸ್ತನ ಅಲ್ಲ, ದಡ್ಡತನ.

ಊಟ: ಡಬ್ಬಿ ಮಾರೋ ಮೊದಲು ತಾಟು ನೋಡ್ರಿ. 60 ಕಿಲೋ ತೂಕದ ಸಾಮಾನ್ಯ ಮನುಷ್ಯಾಗ ದಿನಕ್ಕ ಸುಮಾರು 50 ಗ್ರಾಂ ಪ್ರೋಟೀನ್ ಬೇಕು, ಭಾರ ಎತ್ತೋರಿಗೆ ಇನ್ನೂ ಸ್ವಲ್ಪ ಹೆಚ್ಚು. 100 ಗ್ರಾಂ ತೊಗರಿ ಬ್ಯಾಳ್ಯಾಗ 22 ಗ್ರಾಂ ಹತ್ತಿರ ಅದ. 2019ರಾಗ ಜಿಐ ಟ್ಯಾಗ್ ಸಿಕ್ಕ ತೊಗರಿ ನಮ್ಮ ಹೊಲದಾಗೇ ಬೆಳೀತದ. ರೊಟ್ಟಿ, ಬ್ಯಾಳಿ, ಶೇಂಗಾ, ಮೊಸರು, ತತ್ತಿ ಇವೆಲ್ಲ ಆದ ಮ್ಯಾಲ ಡಬ್ಬಿ ಮಾತು. ಕಿಡ್ನಿ ತೊಂದ್ರಿ ಇದ್ದವರಿಗಂತೂ ಡಾಕ್ಟರ್ ಕೇಳದೆ ಡಬ್ಬಿ ಕೊಡಲೇಬ್ಯಾಡ್ರಿ.

6/7
"ಇಷ್ಟೆಲ್ಲ ಕೇಳಿದ್ರ ಕ್ಲೈಂಟ್ ಓಡಿ ಹೋಗ್ತಾನ ಭೈಯ್ಯಾ, ನಾವೇನು ಡಾಕ್ಟರಾ?" ಅಂತ ಒಬ್ಬ ಗೆಳೆಯ ಅಂದ. ಡಾಕ್ಟರ್ ಅಲ್ಲ ಅಂತಲೇ ಕೇಳಬೇಕು. ಗುಳಿಗಿ ಬಿಡು ಅನ್ನೋದು, ಡೋಸ್ ಬದಲಿಸು ಅನ್ನೋದು ನಮ್ಮ ಕೆಲಸ ಅಲ್ಲ. ಯಾರನ್ನ ಡಾಕ್ಟರ್ ಹತ್ರ ಕಳಿಸಬೇಕು ಅಂತ ಗುರುತಿಸೋದು ನಮ್ಮ ಕೆಲಸ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಬಿಪಿ, ಶುಗರ್ ತಪಾಸಣೆ ಅದ. "ಒಮ್ಮೆ ತೋರಿಸ್ಕೊಂಡು ಬರ್ರಿ" ಅನ್ನಲಿಕ್ಕೆ ನಮಗೇನು ಖರ್ಚು?

2021ರ ಅಕ್ಟೋಬರ್ 29 ನೆನಪದ ಅಲ್ಲ? ಅಪ್ಪು ಸರ್ ಹೋದ ದಿನ. ಆಮ್ಯಾಲ ಎಷ್ಟೋ ಅವ್ವಂದಿರು ಮಕ್ಕಳಿಗೆ "ಜಿಮ್ ಬಿಡು" ಅಂದ್ರು. ಜಿಮ್ ಬಿಡೋದು ಉತ್ತರ ಅಲ್ಲ. ಎದಿ ನೋವು, ಎಡಗೈ ಜೋಮು, ವಿಪರೀತ ಬೆವರು ಕಂಡ್ರ "ಗ್ಯಾಸ್ ಆಗಿರಬೇಕು" ಅನ್ನದೆ, ಸೆಟ್ ಅರ್ಧಕ್ಕ ಬಿಟ್ಟು ಆಸ್ಪತ್ರಿಗೆ ಓಡಿಸೋದು ಉತ್ತರ.

7/7
ಹೆದರಸಲಿಕ್ಕೆ ಬರೀಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದು: ದೊಡ್ಡವರಿಗೆ ವಾರಕ್ಕ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ, ಜೊತಿಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಶುಗರ್, ಬಿಪಿ ಇದ್ದವರಿಗೂ ಇದು ಬೇಕೇ ಬೇಕು. ಅವರನ್ನ ಹೊರಗ ಹಾಕೋದಲ್ಲ, ಕೇಳಿ ಒಳಗ ಕರ್ಕೊಳ್ಳೋದು.

ಕಾಕಾ ಈಗಲೂ ಬರ್ತಾರ. ಡಾಕ್ಟರ್‌ಗೆ ಕೇಳ್ಕೊಂಡು, ಅರ್ಧ ರೊಟ್ಟಿ ತಿಂದು, ಕಿಸೆದಾಗ ಸಕ್ಕರಿ ಪುಡಿಕಿ ಇಟ್ಕೊಂಡು. ದಿನಾ ಬಾಗಿಲಾಗೇ ನಿಂತು ನನಗ ಅಂತಾರ: "ಕೇಳು ತಮ್ಮಾ, ಇವತ್ತು ಏನು ಉಂಡೀನಿ ಅಂತ ಕೇಳು."

ಏಳು ಪ್ರಶ್ನೆ ಸ್ಕ್ರೀನ್‌ಶಾಟ್ ತಗೋರಿ, ನಿಮ್ಮ ಜಿಮ್ ಗ್ವಾಡಿಗೆ ಹಚ್ಚರಿ. ನಿಮ್ಮ ಟ್ರೇನರ್ ಇವನ್ನ ಕೇಳಿಲ್ಲಾಂದ್ರ ನೀವೇ ಹೇಳ್ರಿ. ಎಂಟನೇ ಪ್ರಶ್ನೆ ಏನಿರಬೇಕು, ಕಮೆಂಟಿನಾಗ ಬರೀರಿ 👇

#ಮೊದಲುಕೇಳ್ರಿ #ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ #ನಮ್ಮಜಿಮ್