ಬೂದಿಯಡಿ ಸಿಕ್ಕ ಮೆಸೇಜ್

ನಾರ್ವೆಯ ಬರ್ಗೆನ್‌ಗೆ ಹೋದವರು ಬ್ರಿಗ್ಗೆನ್ ಬಂದರುಕಟ್ಟೆಯ ಬಣ್ಣಬಣ್ಣದ ಮರದ ಮನೆಗಳ ಮುಂದೆ ಒಂದು ಸೆಲ್ಫಿ ತೆಗೆದು ಫ್ಯೋರ್ಡ್ ನೋಡೋಕೆ ಹೊರಟುಬಿಡ್ತಾರೆ. ನೀವು ಹಾಗೆ ಮಾಡಬೇಡಿ. ಮನೆಗಳ ನಡುವಿನ ಕಿರಿದಾದ ಓಣಿಯೊಳಗೆ ಒಮ್ಮೆ ನಡೆದು ನೋಡಿ.

ಜರ್ಮನಿಯ ಹನ್ಸಾ ವರ್ತಕರು ಒಣಮೀನಿನ ವ್ಯಾಪಾರ ಮಾಡಿದ ಜಾಗ ಇದು. ಎಲ್ಲವೂ ಮರವೇ ಆದ್ದರಿಂದ ಮಳಿಗೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ. ಅಡುಗೆ ಮಾಡೋದು, ಚಳಿ ಕಾಯಿಸಿಕೊಳ್ಳೋದು ಹಿಂದಿನ ಬೇರೆ ಕಟ್ಟಡದಲ್ಲಿ. ಇಷ್ಟೆಲ್ಲಾ ಎಚ್ಚರವಿದ್ದರೂ 1702ರಲ್ಲಿ ಬ್ರಿಗ್ಗೆನ್ ಸುಟ್ಟುಹೋಯ್ತು. ಜನ ಹಳೇ ಅಡಿಪಾಯದ ಮೇಲೇ, ಹಳೇ ರೀತಿಯಲ್ಲೇ ಮತ್ತೆ ಕಟ್ಟಿದರು. 1979ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದಕ್ಕೂ ಮೊದಲೇ, 1955ರಲ್ಲಿ, ಮತ್ತೊಂದು ಬೆಂಕಿ ಒಂದು ಭಾಗವನ್ನು ನುಂಗಿತ್ತು. ಆ ಖಾಲಿ ಜಾಗ ಅಗೆದಾಗ ರೂನ್ ಅಕ್ಷರ ಕೆತ್ತಿದ ನೂರಾರು ಮರದ ಕಡ್ಡಿಗಳು ಸಿಕ್ಕವು. ರಾಜರ ಶಾಸನಗಳಲ್ಲ, ಸಾಮಾನ್ಯ ಜನರ ವ್ಯವಹಾರ, ಪ್ರೀತಿ, ತಮಾಷೆ. ಒಂದರಲ್ಲಿ ಇಷ್ಟೇ ಇದೆ: ನೀನು ಮನೆಗೆ ಹೋಗಬೇಕಂತೆ, ಗೀದಾ ಹೇಳಿದ್ದಾಳೆ!

ಅಗೆದ ಆ ಜಾಗದಲ್ಲೇ ಈಗ ಬ್ರಿಗ್ಗೆನ್ಸ್ ಮ್ಯೂಸಿಯಂ ಇದೆ. ತಪ್ಪದೇ ನೋಡಿ. ಹೊರಗೆ ಬಂದಮೇಲೆ ಫೋಟೋ ಹಾಕೋದು ಇದ್ದೇ ಇರುತ್ತೆ. ಮೊದಲು ಅಮ್ಮನ ‘ಊಟ ಆಯ್ತಾ?’ಗೆ ಉತ್ತರ ಕಳಿಸಿ.